ಹನ್ನೊಂದು ಗಂಟೆಯ ಕಾಫಿ ಮತ್ತು ಮೇಷ್ಟ್ರುಗಳ ಹರಟೆ

ಮುಕಿಲ್ಟಿಯೊದಿಂದ ನಿಮ್ಮ ಆಂಟಿ ಮಾತಾಡುತ್ತಿದ್ದೇನೆ. ಹೆಸರು ಹೇಳುವುದಕ್ಕಿಂತ ಹೀಗೆ ಹೇಳಿದರೇ ನಿಮಗೆ ಬೇಗ ಗುರುತು ಸಿಗುತ್ತದೆ. ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಹೆಸರು ಹಿಡಿದು ಕರೆಯುವವರು ನನ್ನ ಯಜಮಾನರು ಮತ್ತು ಹಲ್ಲಿನ ಡಾಕ್ಟರ ಆಫೀಸಿನವರು ಮಾತ್ರ.

ಇವತ್ತು ನಾನು ಮಾತಾಡಲು ಆರಿಸಿಕೊಂಡಿರುವ ವಿಷಯ ಸಮ್ಮೇಳನಗಳ ಕಾಫಿ ವಿರಾಮ. ನಗಬೇಡಿ. ಯಾವ ಸಮ್ಮೇಳನದ ಕಾರ್ಯಕ್ರಮಪಟ್ಟಿ ತೆಗೆದುಕೊಂಡರೂ ಅದರಲ್ಲಿ ಹತ್ತಕ್ಕೆ ಉದ್ಘಾಟನೆ, ಹನ್ನೊಂದಕ್ಕೆ ಕಾಫಿ, ಹನ್ನೊಂದೂಕಾಲಿಗೆ ಗೋಷ್ಠಿ ಅಂತ ಇರುತ್ತದೆ. ಉದ್ಘಾಟನೆ ಮಾಡುವವರ ಹೆಸರು ದಪ್ಪ ಅಕ್ಷರದಲ್ಲಿ. ಕಾಫಿ ಸಣ್ಣ ಅಕ್ಷರದಲ್ಲಿ. ಆದರೆ ಹತ್ತು ವರ್ಷ ಬಿಟ್ಟು ಆ ಸಮ್ಮೇಳನಕ್ಕೆ ಹೋಗಿದ್ದವರನ್ನು ಕೇಳಿ, ಉದ್ಘಾಟಕರು ಏನು ಹೇಳಿದರೆಂದು ಒಬ್ಬರಿಗೂ ನೆನಪಿರುವುದಿಲ್ಲ. ಕಾಫಿ ಲೋಟ ಹಿಡಿದು ಯಾರ ಜೊತೆ ನಿಂತಿದ್ದೆವು, ಯಾವುದಕ್ಕೆ ನಕ್ಕೆವು ಎನ್ನುವುದು ನೆನಪಿರುತ್ತದೆ.

ಇದನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬ ಅಮೆರಿಕನ್ ಇದ್ದರು, ಹ್ಯಾರಿಸನ್ ಓವನ್ ಅಂತ. 1983ರಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದರು. ಅದರ ತಯಾರಿಗೆ ಒಂದು ವರ್ಷ ಹಿಡಿದಿತ್ತು. ಎಲ್ಲ ಮುಗಿದ ಮೇಲೆ ಬಂದವರೆಲ್ಲ ಒಂದೇ ಮಾತು ಹೇಳಿದರಂತೆ, ಕಾಫಿ ವಿರಾಮಗಳು ಬಹಳ ಚೆನ್ನಾಗಿದ್ದವು ಅಂತ. ಮದುವೆ ಮನೆಯಲ್ಲಿ ಹದಿನೆಂಟು ಬಗೆ ಅಡಿಗೆ ಮಾಡಿಸಿದವರಿಗೆ "ಮಜ್ಜಿಗೆ ಚೆನ್ನಾಗಿತ್ತು" ಎಂದ ಹಾಗೆ. ಬೇರೆಯವರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಓವನ್ ಮಾತ್ರ ಹಾಗಾದರೆ ಸಮ್ಮೇಳನವನ್ನೇ ಕಾಫಿ ವಿರಾಮದ ಹಾಗೆ ಮಾಡಿದರೆ ಹೇಗೆ ಎಂದು ಯೋಚಿಸಿದರು. 1985ರಲ್ಲಿ ಹಾಗೆಯೇ ಮಾಡಿದರು. ಮೊದಲೇ ಬರೆದಿಟ್ಟ ಗೋಷ್ಠಿಗಳಿಲ್ಲ. ಬಂದವರೇ ಗೋಡೆಗೆ ವಿಷಯ ಬರೆದು ಅಂಟಿಸಬೇಕು, ಇಷ್ಟವಿದ್ದವರು ಅಲ್ಲಿ ಸೇರಬೇಕು. ಇದಕ್ಕೆ ಓಪನ್ ಸ್ಪೇಸ್ ಎಂದು ಹೆಸರು. ಅದರಲ್ಲಿ ಎರಡು ಕಾಲಿನ ನಿಯಮ ಅಂತ ಒಂದಿದೆ. ನೀವು ಕೂತಲ್ಲಿ ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಎಂದಾದರೆ ದೇವರು ಕೊಟ್ಟ ಎರಡು ಕಾಲು ಬಳಸಿ ಇನ್ನೊಂದು ಕಡೆ ಹೋಗಿ. ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ. ನಮ್ಮ ಕನ್ನಡ ಸಮ್ಮೇಳನಗಳಲ್ಲಿ ಈ ನಿಯಮ ಯಾರೂ ಹೇಳಿಕೊಡದೆಯೇ ಜಾರಿಯಲ್ಲಿದೆ. ಅಧ್ಯಕ್ಷರ ಭಾಷಣ ನಲವತ್ತು ನಿಮಿಷ ದಾಟಿತೆಂದರೆ ಎಲ್ಲರ ಎರಡು ಕಾಲೂ ಊಟದ ಸಾಲಿನಲ್ಲಿರುತ್ತವೆ.

ಶಿಕ್ಷಕರು ಈ ಉಪಾಯವನ್ನು ಬೇಗ ಹಿಡಿದುಕೊಂಡರು. 2007ರ ಜೂನ್‌ನಲ್ಲಿ ಅಟ್ಲಾಂಟಾದಲ್ಲಿ ಶಾಲೆಗಳ ಕಂಪ್ಯೂಟರ್ ಶಿಕ್ಷಣದ ಒಂದು ದೊಡ್ಡ ರಾಷ್ಟ್ರೀಯ ಸಮ್ಮೇಳನ ಇತ್ತು. ಆಗ ತರಗತಿಯ ಅನುಭವಗಳನ್ನು ಬ್ಲಾಗಿನಲ್ಲಿ ಬರೆಯುವ ಮೇಷ್ಟ್ರು, ಮೇಡಂಗಳು ಅಮೆರಿಕದ ತುಂಬ ಇದ್ದರು. ಒಬ್ಬರ ಬರಹ ಇನ್ನೊಬ್ಬರಿಗೆ ಬಾಯಿಪಾಠ, ಮುಖ ಮಾತ್ರ ನೋಡಿಲ್ಲ. ಸ್ಟೀವ್ ಹಾರ್ಗಡನ್ ಎನ್ನುವವರು ಸಮ್ಮೇಳನಕ್ಕೆ ಮೊದಲು ಒಂದು ದಿನ ಇಂಥವರೆಲ್ಲ ಸೇರೋಣ ಎಂದರು. ಶುಲ್ಕ ಇಲ್ಲ. ಏನು ಮಾತಾಡಬೇಕೆಂದು ಬರುವವರೇ ಸೇರಿ ಗೊತ್ತುಮಾಡಿಕೊಂಡರು. ಎಜುಬ್ಲಾಗರ್‌ಕಾನ್ ಎಂದು ಅದರ ಹೆಸರು. ಮೂರು ವರ್ಷದ ನಂತರ, 2010ರ ಮೇ ತಿಂಗಳಲ್ಲಿ, ಫಿಲಡೆಲ್ಫಿಯಾದ ಕೆಲವು ಶಿಕ್ಷಕರು ಇದೇ ಧಾಟಿಯಲ್ಲಿ ಎಡ್‌ಕ್ಯಾಂಪ್ ಶುರುಮಾಡಿದರು. ಅದು ಮುಂದೆ ಎಷ್ಟೋ ಊರುಗಳಿಗೆ ಹಬ್ಬಿತು.

ನಮ್ಮ ಕಡೆಯೂ ಇದು ಆಗದೆ ಇಲ್ಲ. 2008ರ ಮಾರ್ಚ್‌ನಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಕನ್ನಡದ ಬ್ಲಾಗಿಗರು ಹೀಗೇ ಒಂದು ಭಾನುವಾರ ಸೇರಿದ್ದರು. ಅದಕ್ಕೂ ಬಹಳ ಹಿಂದಿನಿಂದ ನಮ್ಮಲ್ಲಿ ಕಾಫಿ ವಿರಾಮದ ಮಾತಿಗೆ ಒಂದು ಸಾಹಿತ್ಯದ ಗೌರವವೇ ಇದೆ. ಅದರ ಹೆಸರು ಹರಟೆ. ನಿಮ್ಮ ಅಪ್ಪ ಅಮ್ಮ ಯೂಟ್ಯೂಬಿನಲ್ಲಿ ಹಾಕಿಕೊಂಡು ಬಿದ್ದು ಬಿದ್ದು ನಗುವ ಉದಯ ಟಿವಿಯ ಹರಟೆ ಕಾರ್ಯಕ್ರಮ ನೀವು ಆಕಡೆ ಈಕಡೆ ಓಡಾಡುವಾಗ ಕೇಳಿಯೇ ಇರುತ್ತೀರಿ. ಅದರಲ್ಲಿ ಕೂತು ನಗಿಸುವ ಅ.ರಾ. ಮಿತ್ರ ಅವರಾಗಲಿ, ಕೃಷ್ಣೇಗೌಡರಾಗಲಿ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರುಗಳೇ. ಅವರಿಗಿಂತ ಮೊದಲು ಎ.ಎನ್. ಮೂರ್ತಿರಾಯರು ಇದ್ದರು. ಇಂಗ್ಲಿಷ್ ಪ್ರೊಫೆಸರು, ಬರೆದದ್ದು ಕನ್ನಡದಲ್ಲಿ. 1937ರಲ್ಲಿ ಬಂದ ಅವರ 'ಹಗಲುಗನಸುಗಳು' ಪುಸ್ತಕದಲ್ಲಿ ಇರುವುದೆಲ್ಲ ಆರಾಮಕುರ್ಚಿಯಲ್ಲಿ ಕೂತು ಗೆಳೆಯನ ಜೊತೆ ಮಾತಾಡಿದ ಹಾಗಿರುವ ಬರಹ. ನಾನು ಎಂ.ಎ. ಓದುವಾಗ ಅದಕ್ಕೆ ಲಲಿತ ಪ್ರಬಂಧ ಎಂದು ಪರೀಕ್ಷೆಯಲ್ಲಿ ಬರೆಯಬೇಕಾಗಿತ್ತು. ಕ್ಯಾಂಟೀನಿನಲ್ಲಿ ಹರಟೆ ಎನ್ನುತ್ತಿದ್ದೆವು. ಎರಡೂ ಒಂದೇ.

ಇಷ್ಟು ಪೀಠಿಕೆ ಸಾಕು. ನಾನು ಹೇಳಹೊರಟಿದ್ದು ನಮ್ಮದೇ ಒಂದು ಕಾಫಿ ವಿರಾಮದ ಕಥೆ.

ನಾನು ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಸಂಬಳ ಇಲ್ಲ. ವರ್ಷಕ್ಕೊಂದು ಹೂವಿನ ಕುಂಡ ಮತ್ತು ಸ್ಟಾರ್‌ಬಕ್ಸ್ ಕಾರ್ಡು ಸಿಗುತ್ತದೆ. ನನ್ನ ಹಾಗೆ ಎವರೆಟ್, ಬಾಥೆಲ್, ಸಮಾಮಿಶ್ ಕಡೆಯೆಲ್ಲ ಕಲಿಸುವವರು ಇದ್ದಾರೆ. ಮನೆಯ ಗ್ಯಾರೇಜಿನಲ್ಲಿ, ಲೈಬ್ರರಿಯ ಕೋಣೆಯಲ್ಲಿ, ಬಾಡಿಗೆಗೆ ಪಡೆದ ಶಾಲೆಯಲ್ಲಿ. ಕೆಲವರು ಪ್ರತಿವಾರ ತಮ್ಮ ಪಾಠದ ಅನುಭವ ಬರೆದು ಎಲ್ಲರಿಗೂ ಕಳಿಸುತ್ತಾರೆ. ಬರಹ ಓದಿದರೆ ಭಾರಿ ಗಂಭೀರ, 'ಒತ್ತಕ್ಷರ ಕಲಿಕೆಯಲ್ಲಿ ಎದುರಾಗುವ ತೊಡಕುಗಳು' ಎಂಬ ಹಾಗೆ. ಹೋದ ಚಳಿಗಾಲದಲ್ಲಿ ಒಂದು ಶನಿವಾರ ನಾವೆಲ್ಲ ಮುಕಿಲ್ಟಿಯೊದಲ್ಲಿ ಒಂದು ಹಾಲ್ ಹಿಡಿದು ಇಡೀ ದಿನದ ಕಾರ್ಯಾಗಾರ ಇಟ್ಟುಕೊಂಡೆವು. ಇಪ್ಪತ್ತು ಚಿಲ್ಲರೆ ಜನ. ಹೊರಗೆ ಮಳೆ, ಅದನ್ನು ಬೇರೆ ಹೇಳಬೇಕೆ? ಕಿಟಕಿಯಿಂದ ಕೆಳಗೆ ನೋಡಿದರೆ ವಿಡ್ಬಿ ದ್ವೀಪಕ್ಕೆ ಹೋಗುವ ಫೆರ್ರಿ, 1906ರ ಹಳೆಯ ದೀಪಸ್ತಂಭ.

ಮುಕಿಲ್ಟಿಯೊ ಎಂದರೆ ಬಿಡಾರ ಹೂಡುವುದಕ್ಕೆ ಒಳ್ಳೆಯ ಜಾಗ ಎಂದು ಅರ್ಥ ಹೇಳುತ್ತಾರೆ. ಇಲ್ಲಿಯ ಮೂಲನಿವಾಸಿಗಳು ನೂರಾರು ವರ್ಷ ಸೇರುತ್ತಿದ್ದ ದಂಡೆ ಇದು. ಇಲ್ಲಿ ಸೇರಿದ್ದೆಲ್ಲ ನಗುವುದಕ್ಕಲ್ಲ. 1855ರ ಜನವರಿಯಲ್ಲಿ ಪಾಯಿಂಟ್ ಎಲಿಯಟ್ ಒಪ್ಪಂದಕ್ಕೆ ಅವರ ಮುಖಂಡರು ಸಹಿ ಹಾಕಿದ್ದು ಇದೇ ದಂಡೆಯಲ್ಲಿ, ಮತ್ತು ಆ ಒಪ್ಪಂದದಲ್ಲಿ ಅವರ ಬಹುಪಾಲು ನೆಲ ಕೈಬಿಟ್ಟುಹೋಯಿತು. ಅದರ ಮಾತುಕತೆ ನಡೆದದ್ದು ಅವರ ಸ್ವಂತ ಭಾಷೆಯಲ್ಲೂ ಅಲ್ಲ, ಇಂಗ್ಲಿಷಿನಲ್ಲೂ ಅಲ್ಲ. ಚಿನೂಕ್ ಜಾರ್ಗನ್ ಎಂಬ ವ್ಯಾಪಾರದ ಬೆರಕೆ ಮಾತಿನಲ್ಲಿ. ಅದರಲ್ಲಿ ಇದ್ದದ್ದು ಕೆಲವೇ ನೂರು ಪದ. ಮೀನು, ಕಂಬಳಿ ಕೊಳ್ಳುವುದಕ್ಕೆ ಅದು ಸಾಕಾಗಿತ್ತು. ತಲೆಮಾರುಗಳ ಹಣೆಬರಹ ಬರೆಯುವುದಕ್ಕೆ ಸಾಕೇ? ಈ ಊರಿನಲ್ಲಿ ವಾಕಿಂಗ್ ಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಪಾಲಿಗೆ ಉಳಿದಿರುವ ಕನ್ನಡವೂ ಅಷ್ಟೇ ಸಣ್ಣದು. ಊಟ ಆಯ್ತಾ, ಸ್ನಾನ ಆಯ್ತಾ, ಹೋಮ್‌ವರ್ಕ್ ಆಯ್ತಾ, ಫೋನ್ ಇಡು. ಅಷ್ಟರಲ್ಲಿ ಕೆಲಸ ನಡೆಯುತ್ತದೆ. ಜಗಳ ಮಾಡಲಾಗದು, ಕೀಟಲೆ ಮಾಡಲಾಗದು.

ಸರಿ, ಕಾರ್ಯಾಗಾರ. ಮೊದಲ ಗೋಷ್ಠಿ ಒತ್ತಕ್ಷರದ ಮೇಲೆ. ಒಬ್ಬರು ಸ್ಲೈಡ್ ತೋರಿಸಿದರು, ನಾವು ನೋಟ್ಸ್ ಬರೆದುಕೊಂಡೆವು. ಹನ್ನೊಂದು ಗಂಟೆಗೆ ಫ್ಲಾಸ್ಕಿನಲ್ಲಿ ತಂದಿದ್ದ ಫಿಲ್ಟರ್ ಕಾಫಿ ಹೊರಬಂತು, ಚಕ್ಕುಲಿ ಕೋಡುಬಳೆ ಡಬ್ಬ ತೆರೆದವು. ಅಷ್ಟೇ. ಒತ್ತಕ್ಷರದ ತೊಡಕುಗಳೆಲ್ಲ ಮಂಗಮಾಯ.

ಬಾಥೆಲ್‌ನ ಮೇಡಂ ಶುರುಮಾಡಿದರು. ಅವರ ತರಗತಿಯಲ್ಲಿ 'ನನ್ನ ಗೆಳೆಯ' ಎಂದು ನಾಲ್ಕು ಸಾಲು ಬರೆಯಲು ಹೇಳಿದ್ದರಂತೆ. ಒಬ್ಬ ಹುಡುಗ ಬರೆದ, "ನಾನು ಸಾಕರ್ ಆಟದಲ್ಲಿ ಬಿದ್ದೆ. ಆಗ ನನ್ನ ಗೆಳೆಯ ನನಗೆ ಕೈ ಕೊಟ್ಟ. ಅವನು ತುಂಬ ಒಳ್ಳೆಯವನು." ನಮಗೆಲ್ಲ ಕಾಫಿ ನೆತ್ತಿಗೇರಿತು. ನಿಮ್ಮಲ್ಲಿ ಕೆಲವರಿಗೆ ಯಾಕೆ ನಕ್ಕೆವೆಂದು ಗೊತ್ತಾಗಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಕನ್ನಡದಲ್ಲಿ ಒಬ್ಬ ಇನ್ನೊಬ್ಬನಿಗೆ ಕೈ ಕೊಟ್ಟ ಎಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟ ಎಂದು ಅರ್ಥ. ಇಂಗ್ಲಿಷಿನಲ್ಲಿ ಕೈ ಕೊಡುವವನು ಎತ್ತುತ್ತಾನೆ, ಕನ್ನಡದಲ್ಲಿ ಕೈ ಕೊಡುವವನು ಬೀಳಿಸುತ್ತಾನೆ. ಒಂದೇ ಕೈ!

ಇನ್ನೊಬ್ಬರು ಹೇಳಿದರು. ಅವರ ವಿದ್ಯಾರ್ಥಿನಿಯೊಬ್ಬಳು ಬಹಳ ಚಿಂತೆಯಿಂದ ಬಂದು ಕೇಳಿದಳಂತೆ, "ಆಂಟಿ, ನಾನು ದಿನಾ ಅಮ್ಮನ ತಲೆ ತಿಂತೀನಂತೆ. ಆದರೆ ನಾವು ವೆಜಿಟೇರಿಯನ್ ಅಲ್ವಾ?"

ಇದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಬರಹದಲ್ಲಿ ಅಷ್ಟು ಬಿಗಿಯಾಗಿರುವ ಮೇಷ್ಟ್ರೊಬ್ಬರು ಮಕ್ಕಳ ಹಾಗೆ ನಟಿಸಿ ತೋರಿಸುತ್ತಿದ್ದರು. ನಿಜ ಹೇಳಬೇಕೆಂದರೆ ಆ ಹದಿನೈದು ನಿಮಿಷದಲ್ಲಿ ನಾವು ಒಳ್ಳೆಯ ಕೆಲಸವನ್ನೂ ಮಾಡಿದೆವು. ದೇಹದ ಅಂಗಗಳ ಹೆಸರು ಕಲಿಸುವಾಗಲೇ ಕೈ ಕೊಡು, ತಲೆ ತಿನ್ನು, ಕಿವಿ ಹಿಂಡು, ಬಾಯಿ ಬಿಡು ಇವೆಲ್ಲವನ್ನೂ ಕಲಿಸಬೇಕು ಎಂದು ಯಾರೋ ಅಂದರು. ಪೇಪರ್ ನ್ಯಾಪ್‌ಕಿನ್ ಮೇಲೆ ಪಟ್ಟಿ ಆಯಿತು. ಒತ್ತಕ್ಷರದ ಸ್ಲೈಡ್ ಎಲ್ಲಿ ಹೋಯಿತೋ ಗೊತ್ತಿಲ್ಲ, ಆ ನ್ಯಾಪ್‌ಕಿನ್ ಪಾಠ ಈಗಲೂ ನಡೆಯುತ್ತಿದೆ.

ಅಲ್ಲಿ ಒಬ್ಬಳು ಹುಡುಗಿ ಇದ್ದಳು. ನಿಮ್ಮ ವಯಸ್ಸಿನವಳೇ, ಕಾಲೇಜು ಓದುತ್ತಾಳೆ, ಚಿಕ್ಕ ಮಕ್ಕಳ ತರಗತಿಗೆ ಸಹಾಯ ಮಾಡಲು ಬರುತ್ತಾಳೆ. ಹೆಸರು ಬೇಡ. ನಮ್ಮ ಜೊತೆ ಅವಳೂ ನಗುತ್ತಿದ್ದಳು. ಆಮೇಲೆ ಇದ್ದಕ್ಕಿದ್ದ ಹಾಗೆ, "ನಂದೂ ಒಂದಿದೆ, ಹೇಳ್ಲಾ?" ಎಂದಳು.

"ನಾನು ಒಂಬತ್ತು ವರ್ಷದವಳಿದ್ದಾಗ ಒಬ್ಬರ ಮನೇಲಿ ಸತ್ಯನಾರಾಯಣ ಪೂಜೆ. ಒಬ್ಬ ಆಂಟಿ ಊಟ ಆಯ್ತಾ ಪುಟ್ಟಿ ಅಂತ ಕೇಳಿದರು. ನಾನು 'ಹೂಂ, ನಾನು ಊಟ ಆದೆ' ಅಂದೆ."

ಎಲ್ಲರೂ ಗೊಳ್ಳೆಂದು ನಕ್ಕರು. ಊಟ ಮಾಡಿದೆ ಎನ್ನುವ ಬದಲು ತಾನೇ ಊಟವಾಗಿ ಹೋದೆ ಎಂದರೆ ನಗು ಬಾರದೆ ಇರುತ್ತದೆಯೇ? ಅವಳು ನಗು ನಿಲ್ಲುವವರೆಗೆ ಕಾದಳು.

"ಅವರೂ ಹೀಗೇ ನಕ್ಕರು. ಆಮೇಲೆ ಹೊಸಬರು ಒಳಗೆ ಬಂದಾಗಲೆಲ್ಲ ನನ್ನನ್ನು ಕರೆದು, ಪುಟ್ಟಿ, ಇನ್ನೊಂದ್ಸಲ ಹೇಳು, ಊಟ ಆದೆ ಅಂತ ಹೇಳು ಅಂತ ಹೇಳಿಸಿದರು. ಮುಂದಿನ ಯುಗಾದಿಗೂ ಹೇಳಿಸಿದರು. ಊಟ ಆದೆ ಅಂತಲೇ ನನ್ನ ಹೆಸರಾಗಿತ್ತು. ಅದಾದ ಮೇಲೆ ನಾನು ಹದಿನೇಳು ವರ್ಷ ಆಗೋವರೆಗೂ ಮನೆಯಿಂದ ಹೊರಗೆ ಕನ್ನಡ ಮಾತಾಡಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಚಕ್ಕುಲಿ ಮುರಿಯುತ್ತ ಹೇಳಿದಳು. ಕೋಣೆಯಲ್ಲಿ ಒಂದು ನಿಮಿಷ ಫೆರ್ರಿಯ ಸಿಳ್ಳು ಮಾತ್ರ ಕೇಳಿಸಿತು.

ಮೊದಲು ಬಾಯಿ ಬಿಟ್ಟವರು ಸಾಫ್ಟ್‌ವೇರ್ ಕೆಲಸದ ಒಬ್ಬ ಅಂಕಲ್. "ಮರೀ, ನಾನು ಈ ದೇಶಕ್ಕೆ ಬಂದ ಮೊದಲ ವಾರ ನಮ್ಮ ಬಾಸ್‌ಗೆ, ಐ ಪಾಸ್ಡ್ ಔಟ್ ಇನ್ ನೈನ್‌ಟೀನ್ ನೈಂಟಿಫೋರ್ ಅಂದೆ. ಅವರು ಗಾಬರಿಯಾಗಿ ಈಗ ಹೇಗಿದ್ದೀರಿ, ಡಾಕ್ಟರ್ ಏನಂದರು ಅಂತ ಕೇಳಿದರು. ಕಾಲೇಜು ಮುಗಿಸಿದೆ ಅಂತ ನಾನು ಹೇಳಿದ್ದು, ಮೂರ್ಛೆ ಹೋದೆ ಅಂತ ಅವರಿಗೆ ಕೇಳಿಸಿದ್ದು." ಹುಡುಗಿ ಎಷ್ಟು ನಕ್ಕಳೆಂದರೆ ಚಕ್ಕುಲಿ ಕೈಜಾರಿ ಬಿತ್ತು.

ಮೂಲೆಯಲ್ಲಿ ಒಬ್ಬ ತಾತ ಕೂತಿದ್ದರು. ತಿಪಟೂರು ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಬೇಸರ ಕಳೆಯಲು ಸೊಸೆ ಕರೆದುಕೊಂಡು ಬಂದಿದ್ದಳು. ಅವರು ಗಂಟಲು ಸರಿಮಾಡಿಕೊಂಡು, ಇನ್‌ಸ್ಪೆಕ್ಟರ್ ಸಾಹೇಬರ ಕಥೆ ನಿಮಗೆಲ್ಲ ಗೊತ್ತೋ ಇಲ್ಲವೋ ಎಂದರು. ಗೊತ್ತಿದ್ದವರು ಸುಮ್ಮನಿದ್ದೆವು. ಇದು ಕರ್ನಾಟಕದ ಎಲ್ಲ ಸ್ಟಾಫ್‌ರೂಮುಗಳಲ್ಲಿ ನಾಲ್ಕು ತಲೆಮಾರಿನಿಂದ ಓಡಾಡುತ್ತಿರುವ ಕಥೆ, ಆದರೆ ಅವಳು ಕೇಳಿರಲಿಲ್ಲ.

ಹಳ್ಳಿ ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ. ಒಬ್ಬ ಹುಡುಗನನ್ನು ನಿಲ್ಲಿಸಿ, ಶಿವಧನುಸ್ಸನ್ನು ಮುರಿದವರು ಯಾರು ಎನ್ನುತ್ತಾರೆ. ಹುಡುಗ ನಡುಗುತ್ತ, "ನಾನಲ್ಲ ಸಾರ್." ಇನ್‌ಸ್ಪೆಕ್ಟರ್ ಮೇಷ್ಟ್ರ ಕಡೆ ತಿರುಗಿದರೆ ಮೇಷ್ಟ್ರು, "ನಿಜ ಸಾರ್, ಇವನು ಒಳ್ಳೆ ಹುಡುಗ, ಅಂಥ ಕೆಲಸ ಮಾಡುವವನಲ್ಲ." ಹೆಡ್‌ಮಾಸ್ಟರನ್ನು ಕರೆದರೆ ಅವರು, "ಹೋಗಲಿ ಬಿಡಿ ಸಾರ್, ಯಾರೇ ಮುರಿದಿರಲಿ, ಸಾಯಂಕಾಲದೊಳಗೆ ಬಡಗಿಯನ್ನು ಕರೆಸಿ ರಿಪೇರಿ ಮಾಡಿಸುತ್ತೇನೆ." ಇನ್‌ಸ್ಪೆಕ್ಟರ್ ಕೆಂಡಾಮಂಡಲವಾಗಿ ಇಲಾಖೆಗೆ ಪತ್ರ ಬರೆಯುತ್ತಾರೆ. ಇಲಾಖೆಯಿಂದ ಉತ್ತರ ಬರುತ್ತದೆ. ಸದರಿ ಧನುಸ್ಸಿನ ರಿಪೇರಿಗೆ ಈ ವರ್ಷದ ಬಜೆಟ್ಟಿನಲ್ಲಿ ಹಣವಿಲ್ಲ.

ಕಥೆ ಮುಗಿಸಿ ತಾತ ಒಂದು ಮಾತು ಹೇಳಿದರು. "ನೋಡಮ್ಮ, ಇದರಲ್ಲಿ ಹುಡುಗನಿಗೆ ಉತ್ತರ ಗೊತ್ತಿಲ್ಲ. ಆದರೆ ನಗು ಅವನ ಹತ್ತಿರ ನಿಲ್ಲೋದಿಲ್ಲ. ಮೇಷ್ಟ್ರ ಹತ್ತಿರ ಹೋಗುತ್ತೆ, ಹೆಡ್‌ಮಾಸ್ಟರ ಹತ್ತಿರ ಹೋಗುತ್ತೆ, ಕೊನೆಗೆ ಸರ್ಕಾರದ ನೆತ್ತಿ ಮೇಲೆ ಕೂರುತ್ತೆ. ನಾವು ಮೇಷ್ಟ್ರುಗಳು ಇದನ್ನ ನಮಗೆ ನಾವೇ ಹೇಳಿಕೊಂಡು ನಗೋದು ಅದಕ್ಕೇ. ನಿನ್ನ ವಿಷಯದಲ್ಲಿ ನಗು ಕೆಳಗೇ ನಿಂತುಬಿಡ್ತು."

ಎಂ.ಎ.ಯಲ್ಲಿ ಹಾಸ್ಯರಸದ ಮೇಲೆ ನಾನು ಪುಟಗಟ್ಟಲೆ ಓದಿದ್ದೆ. ಇಷ್ಟು ನೇರವಾಗಿ ಯಾವ ಲಾಕ್ಷಣಿಕನೂ ಹೇಳಿದ ನೆನಪಿಲ್ಲ. ಆವತ್ತು ಆ ಮೇಜಿನ ಸುತ್ತ ಒಂದು ಹೊಸ ಕಟ್ಟಳೆ ಆಯಿತು. ಮಗುವಿನ ಒಂದು ತಪ್ಪನ್ನು ನಗುವಿಗೆ ತರುವವರು ತಮ್ಮದೂ ಒಂದನ್ನು ಹೇಳಲೇಬೇಕು, ಮತ್ತು ಅದನ್ನು ಮಕ್ಕಳಿಗೂ ಹೇಳಬೇಕು. ಊಟದ ನಂತರದ ಮೌಲ್ಯಮಾಪನದ ಗೋಷ್ಠಿ ಶುರುವಾದದ್ದು ಅರ್ಧ ಗಂಟೆ ತಡವಾಗಿ.

ಇಲ್ಲಿ ನಿಮಗೆ ಕೈಲಾಸಂ ಅವರ ಪರಿಚಯ ಮಾಡಿಸಬೇಕು. ಟಿ.ಪಿ. ಕೈಲಾಸಂ ಹುಟ್ಟಿದ್ದು 1884ರಲ್ಲಿ, ತೀರಿಕೊಂಡದ್ದು 1946ರಲ್ಲಿ. ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದವರು, ಬರೆದದ್ದು ನಗೆನಾಟಕ. ಬರೆದರು ಅನ್ನುವುದಕ್ಕಿಂತ ಗೆಳೆಯರ ನಡುವೆ ಕೂತು ಹೇಳಿದರು, ಯಾರೋ ಬರೆದುಕೊಂಡರು ಎನ್ನುವುದೇ ಹೆಚ್ಚು ಸರಿ. ಅವರ ಪಾತ್ರಗಳು ಆಡುವ ಭಾಷೆ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಅರ್ಧ ಕನ್ನಡ ಅರ್ಧ ಇಂಗ್ಲಿಷ್, ಒಂದೇ ವಾಕ್ಯದಲ್ಲಿ ಎರಡೂ. ನೀವು ಮನೆಯಲ್ಲಿ ಆಡುವ ಮಾತೇ, ನೂರು ವರ್ಷ ಮೊದಲು ಬೆಂಗಳೂರಿನಲ್ಲಿ. ಶುದ್ಧ ಕನ್ನಡದವರು ಕೆಲವರು ಮೂಗು ಮುರಿದರು. ಹಾಗಿದ್ದರೂ 1945ರಲ್ಲಿ ಮದ್ರಾಸಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದ್ದು ಇದೇ ಬೆರಕೆ ಮಾತಿನ ಕೈಲಾಸಂ ಅವರನ್ನು. ಅವರ ಒಂದು ನಾಟಕದ ಹೆಸರು 'ಟೊಳ್ಳುಗಟ್ಟಿ ಅಥವಾ ಮಕ್ಕಳ ಇಸ್ಕೂಲ್ ಮನೇಲಲ್ವೆ?' ಅದರಲ್ಲಿ ಒಬ್ಬ ಮಗ ಪರೀಕ್ಷೆಯಲ್ಲಿ ಮುಂದು, ಇನ್ನೊಬ್ಬ ಮನೆಯವರ ಕಷ್ಟಕ್ಕೆ ಆಗುವವನು. ಟೊಳ್ಳು ಯಾರು, ಗಟ್ಟಿ ಯಾರು ಎಂದು ನೋಡುವವರೇ ತೀರ್ಮಾನಿಸಬೇಕು. ಗ್ಯಾರೇಜಿನಲ್ಲಿ ಕನ್ನಡ ಹೇಳಿಕೊಡುವ ನನಗೆ ಆ ಹೆಸರು ಕಂಡಾಗಲೆಲ್ಲ ಒಂದು ಸಮಾಧಾನ.

ನಿಮ್ಮಲ್ಲಿ ಕೆಲವರು ಈಗ ಇಲ್ಲಿಯ ಶಾಲೆಗಳಲ್ಲಿ ಮನೆಮಾತಿನ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ಯೋಚನೆಯಲ್ಲಿದ್ದೀರಿ. ಪಡೆಯಿರಿ, ಬಹಳ ಒಳ್ಳೆಯದು. ಆ ಪರೀಕ್ಷೆ ನೀವು ಓದುತ್ತೀರಾ, ಬರೆಯುತ್ತೀರಾ ಎಂದು ನೋಡುತ್ತದೆ. ನಿಮ್ಮ ಸೋದರಮಾವನನ್ನು ಕನ್ನಡದಲ್ಲಿ ರೇಗಿಸಬಲ್ಲಿರಾ ಎಂದು ನೋಡುವುದಿಲ್ಲ. ಅದಕ್ಕೆ ನೀವು ನಮ್ಮ ಕಾಫಿ ಮೇಜಿಗೇ ಬರಬೇಕು. ಕಾರ್ಯಾಗಾರಕ್ಕೆ ಬನ್ನಿ ಎಂದರೆ ನೀವು ಬರುವುದಿಲ್ಲ, ನನಗೆ ಗೊತ್ತು. ಸ್ಲೈಡ್ ಮುಗಿಯುವವರೆಗೆ ಹೊರಗೇ ಇರಿ, ಹನ್ನೊಂದಕ್ಕೆ ಒಳಗೆ ಬನ್ನಿ. ನಮಗೆ ಕಲಿಸುವವರು ಕಡಿಮೆಯಾಗುತ್ತಿದ್ದಾರೆ. ನನ್ನ ಜೊತೆ ಶುರುಮಾಡಿದವರಲ್ಲಿ ಅರ್ಧ ಜನ ಮಕ್ಕಳು ಕಾಲೇಜಿಗೆ ಹೋದ ಮೇಲೆ ಬಿಟ್ಟರು. ಹೊಸಬರು ಬರಬೇಕೆಂದರೆ ಅದು ನಿಮ್ಮಿಂದಲೇ ಆಗಬೇಕು. ತಪ್ಪಿಲ್ಲದ ಕನ್ನಡ ಬೇಕೆಂದು ನಾವು ಕೇಳುತ್ತಿಲ್ಲ. 'ಊಟ ಆದೆ' ಎಂದ ಆ ಹುಡುಗಿ ಈಗ ಆರು ವರ್ಷದ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾಳೆ. ಅವಳ ತರಗತಿಯಲ್ಲಿ ಮಕ್ಕಳು ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾರೆ. ಎಲ್ಲ ತಪ್ಪುತಪ್ಪು ಕನ್ನಡವೇ, ಆದರೆ ಧಾರಾಳವಾಗಿ.

ಅವಳು ಇನ್ನೊಂದು ಕೆಲಸವನ್ನೂ ಹಚ್ಚಿಕೊಂಡಿದ್ದಾಳೆ. ಒಂದು ನೋಟ್‌ಬುಕ್ಕಿನಲ್ಲಿ ಅಂಕಲ್ ಆಂಟಿಯರ ಇಂಗ್ಲಿಷಿನ ಮತ್ತು ಅಮೆರಿಕದ ಮೊದಲ ದಿನಗಳ ಪೇಚಾಟಗಳನ್ನು ನಂಬರ್ ಹಾಕಿ ಬರೆದಿಡುತ್ತಿದ್ದಾಳೆ. ತರಗತಿಯಲ್ಲಿ ಯಾವ ಮಗುವಾದರೂ ಮಾತಾಡಲು ಹಿಂಜರಿದರೆ ಅದರಿಂದ ಒಂದನ್ನು ಓದಿ ಹೇಳುತ್ತಾಳೆ. ಹೆಸರು ಹೇಳಬಾರದು ಎಂಬ ಷರತ್ತಿದೆ. ಮೂರ್ಛೆ ಹೋದ ಅಂಕಲ್ ಒಂದನೆಯ ನಂಬರ್. ತಿಪಟೂರಿನ ತಾತ ಊರಿಗೆ ಹೊರಡುವ ಮುನ್ನ ತಮ್ಮದೂ ಒಂದನ್ನು ಬರೆಸಿಯೇ ಹೋದರು. ಪಕ್ಕದ ಮನೆಯ ಹುಡುಗ ದಿನಾ ಬೆಳಿಗ್ಗೆ "ವಾಟ್ಸ್ ಅಪ್" ಎನ್ನುತ್ತಿದ್ದನಂತೆ, ಇವರು ದಿನಾ ತಲೆಯೆತ್ತಿ ನೋಡಿ "ಓನ್ಲಿ ಕ್ಲೌಡ್ಸ್" ಎನ್ನುತ್ತಿದ್ದರಂತೆ. ಏಳನೆಯ ನಂಬರಿನವರು ಮೊದಲ ಸಲ ಡ್ರೈವ್‌ಥ್ರೂಗೆ ಹೋದಾಗ ಕಾರನ್ನು ಮರ್ಯಾದೆಯಾಗಿ ಪಾರ್ಕ್ ಮಾಡಿ, ಇಳಿದು ಬಂದು, ಎರಡು ಕಾರುಗಳ ಮಧ್ಯೆ ಸಾಲಿನಲ್ಲಿ ನಿಂತಿದ್ದರಂತೆ. ಹಿಂದಿನ ಕಾರಿನವರು ಹಾರ್ನ್ ಮಾಡಿದಾಗ ಇವರು ತಿರುಗಿ ಕೈಮುಗಿದು, "ನೀವು ನನ್ನ ನಂತರ" ಎಂದರಂತೆ. ಅವರು ಯಾರೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಇವತ್ತು ರಾತ್ರಿ ಊಟದ ಹೊತ್ತಿಗೆ ಅವರೂ ಈ ರೇಡಿಯೊ ಕೇಳಿಸಿಕೊಂಡಿರುತ್ತಾರೆ.